ಗಾಳಿ ಸೊನ್ನೆ

ಮಿಯಾಪುರದ ನಮ್ಮ ಬಾಡಿಗೆ ಮನೆಯಿಂದ ಕಾಣುವುದು ಎರಡೇ: ಮೆಟ್ರೋ ಮಾರ್ಗದ ಕೊನೆಯ ನಿಲ್ದಾಣ, ಬೀದರ್ ಕಡೆಗೆ ಬಸ್ಸುಗಳು ಹೋಗುವ ಹೆದ್ದಾರಿ. ವಿಮಾನ ಹತ್ತಬೇಕೆಂದರೆ ಊರಿನ ಇನ್ನೊಂದು ತುದಿಯ ಶಂಶಾಬಾದಿಗೆ ಹೋಗಬೇಕು. ಆದರೂ ಕಳೆದ ಮಳೆಗಾಲದ ಶನಿವಾರ ರಾತ್ರಿಗಳಲ್ಲಿ ನಾನು ಈ ಮನೆಯಲ್ಲೇ ಕೂತು ಮಂಗಳೂರಿನ ಬಜ್ಪೆಯಲ್ಲಿ ವಿಮಾನ ಇಳಿಸುತ್ತಿದ್ದೆ.

ನಾನು ಬಂಟ್ವಾಳದ ಕಡೆಯವನು. ಜೊತೆಗಿರುವ ಗೆಳೆಯ ಕಲಬುರಗಿಯವನು. ಅವನಿಗೆ ವಿಮಾನ ಓಡಿಸುವ ಆಸೆ ಇಲ್ಲ, ಓಡಿಸುವವನನ್ನು ಕಾಡುವ ಆಸೆ ಇದೆ. ಫ್ಲೈಟ್‌ಗಿಯರ್ ಎಂಬ ಉಚಿತ ಸಿಮ್ಯುಲೇಟರ್ ಶುರುಮಾಡುವಾಗ ಟೆಲ್ನೆಟ್ ಬಾಗಿಲೊಂದನ್ನು ತೆರೆದಿಟ್ಟರೆ ಸಾಕು, ಇನ್ನೊಂದು ಲ್ಯಾಪ್‌ಟಾಪ್‌ನಿಂದ ಒಂದು ಸಾಲು ಟೈಪ್ ಮಾಡಿ ನನ್ನ ಆಕಾಶವನ್ನೇ ಬದಲಿಸಬಹುದು. ರನ್‌ವೇ ಎದುರಿಗೆ ಕಾಣುವ ಹೊತ್ತಿಗೆ ಸರಿಯಾಗಿ ಅವನು ಬಲಗಡೆಯಿಂದ 25 ನಾಟ್ ಗಾಳಿ ಬಿಡುತ್ತಿದ್ದ. "ಹೇಳಿ ಮಾಡೋ ಮಾರಾಯ" ಅಂದರೆ, "ಗಾಳಿ ಹೇಳಿ ಬರ್ತದೇನೋ?" ಅನ್ನುತ್ತಿದ್ದ.

ಅವನು ಕೂತಿದ್ದ ಆ ಕುರ್ಚಿಗೆ ದೊಡ್ಡ ಇತಿಹಾಸವಿದೆ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಊರಿನ ಎಡ್ವಿನ್ ಲಿಂಕ್ ಅವರ ತಂದೆಗೆ ಪಿಯಾನೊ, ಆರ್ಗನ್ ತಯಾರಿಸುವ ಕಾರ್ಖಾನೆ ಇತ್ತು. ಅಲ್ಲಿ ಕಲಿತ ತಿದಿಯ ಕೆಲಸವನ್ನೇ ಬಳಸಿ ಮಗ 1929ರಲ್ಲಿ ನೆಲದ ಮೇಲೆಯೇ ಓಲಾಡುವ ವಿಮಾನವೊಂದನ್ನು ಕಟ್ಟಿದ. ಮೊದಮೊದಲು ಅದು ಜಾತ್ರೆಯ ಆಟಿಕೆಯಾಯಿತು. 1934ರಲ್ಲಿ ಕೆಟ್ಟ ಹವೆಯಲ್ಲಿ ಅಂಚೆ ಸಾಗಿಸಲು ಹೊರಟ ಸೇನೆಯ ಪೈಲಟ್‌ಗಳು ಸಾಲುಸಾಲಾಗಿ ಸತ್ತ ಮೇಲೆ ಅಮೆರಿಕದ ಸೇನೆ ಆರು ಲಿಂಕ್ ಟ್ರೇನರ್‌ಗಳನ್ನು ಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಸಾವಿರಾರು ಪೈಲಟ್‌ಗಳು ಇದರೊಳಗೆ ಕೂತು ಕಲಿತರು.

ಆ ಯಂತ್ರದಲ್ಲಿ ಎರಡು ಜಾಗಗಳಿದ್ದವು. ಮುಚ್ಚಿದ ಪೆಟ್ಟಿಗೆಯೊಳಗೆ ಕಲಿಯುವವನು, ಹೊರಗೆ ಮೇಜಿನ ಮುಂದೆ ಕಲಿಸುವವನು. ಮೇಜಿನ ಮೇಲಿನ ನಕ್ಷೆಯಲ್ಲಿ ಏಡಿ ಎಂದು ಕರೆಯುತ್ತಿದ್ದ ಪುಟ್ಟ ಗಾಲಿಯ ಸಾಧನ ಹುಡುಗನ ದಾರಿಯನ್ನು ಶಾಯಿಯಲ್ಲಿ ಗೀಚುತ್ತಾ ಹೋಗುತ್ತಿತ್ತು. ಗಾಳಿ ಯಾವ ಕಡೆಯಿಂದ, ಎಷ್ಟು ಎಂದು ತೀರ್ಮಾನಿಸುವುದು ಮೇಷ್ಟ್ರು. ಹಾರಿಸುವವನ ಕೈಗೆ ಅದು ಸಿಗುತ್ತಿರಲಿಲ್ಲ.

ಮನೆಯ ಕಂಪ್ಯೂಟರ್ ಈ ಎರಡೂ ಕುರ್ಚಿಗಳನ್ನು ಒಂದು ಮಾಡಿತು. ಬ್ರೂಸ್ ಆರ್ಟ್‌ವಿಕ್ ಅವರ ಫ್ಲೈಟ್ ಸಿಮ್ಯುಲೇಟರ್ 1979ರಲ್ಲಿ ಆ್ಯಪಲ್ 2ಕ್ಕೆ ಬಂತು. 1982ರಲ್ಲಿ ಮೈಕ್ರೋಸಾಫ್ಟ್ ಅದನ್ನು ಐಬಿಎಂ ಪಿಸಿಗೆ ತಂದಿತು. ಅದರ ಮುಂದಿನ ಆವೃತ್ತಿಗಳಲ್ಲಿ ಎಸ್ಕೇಪ್ ಕೀಲಿ ಒತ್ತಿದರೆ ಹಾರಾಟ ನಿಂತು ಅಂಕಿಗಳ ಪಟ್ಟಿಯೊಂದು ತೆರೆಯುತ್ತಿತ್ತು. ಎತ್ತರ, ಋತು, ಮೋಡ, ಗಾಳಿ ಎಲ್ಲಕ್ಕೂ ಒಂದೊಂದು ಅಂಕಿ. ವಿಮಾನ ಎಷ್ಟು ನಂಬಿಕಸ್ಥ ಎನ್ನುವುದಕ್ಕೂ 0ಯಿಂದ 100ರ ತನಕ ಒಂದು ಅಂಕಿ ಟೈಪ್ ಮಾಡಬಹುದಿತ್ತು. 100 ಕೊಟ್ಟರೆ ಎಂಜಿನ್ ಕೈಕೊಡುವ ಭಯವೇ ಇಲ್ಲ. ಮೇಷ್ಟ್ರ ಮೇಜು ಹುಡುಗನ ಕೈಗೇ ಬಂದಿತ್ತು.

ಫ್ಲೈಟ್‌ಗಿಯರ್ ಹುಟ್ಟಿದ್ದು 1996ರಲ್ಲಿ. ದೊಡ್ಡ ಕಂಪನಿಗಳ ಸಿಮ್ಯುಲೇಟರ್‌ಗಳ ಒಳಗನ್ನು ಬಿಚ್ಚಿ ನೋಡಲಾಗದು ಎಂದು ಬೇಸತ್ತವರು ತಾವೇ ಬರೆಯಹೊರಟರು. 2000ದಲ್ಲಿ ಡೇವಿಡ್ ಮೆಗಿನ್ಸನ್ ಅದಕ್ಕೊಂದು 'ಪ್ರಾಪರ್ಟಿ ಟ್ರೀ' ಬರೆಯತೊಡಗಿದರು. ಎಕ್ಸ್‌ಎಂಎಲ್ ಓದಿಸುವ ಸ್ಯಾಕ್ಸ್ ಬಳಸಿದ ಸಾಫ್ಟ್‌ವೇರ್ ಮಂದಿಗೆ ಇವರ ಹೆಸರು ಗೊತ್ತಿರುತ್ತದೆ. ಇಡೀ ವಿಮಾನ, ಇಡೀ ಆಕಾಶ ಕೊಂಬೆ ಕೊಂಬೆಯಾಗಿ ಒಂದೇ ಮರದಲ್ಲಿ ಇರುತ್ತದೆ. 'ಸಿಡಿ' ಎಂದರೆ ಕೊಂಬೆಗೆ ಇಳಿಯುತ್ತೇವೆ, 'ಎಲ್‌ಎಸ್' ಎಂದರೆ ಅಲ್ಲೇನಿದೆ ಎಂದು ಕಾಣುತ್ತದೆ, 'ಗೆಟ್' ಎಂದರೆ ಬೆಲೆ ಓದುತ್ತೇವೆ, 'ಸೆಟ್' ಎಂದರೆ ಬದಲಿಸುತ್ತೇವೆ. ದಿನವಿಡೀ ಸರ್ವರ್‌ಗಳ ಮುಂದೆ ಇದನ್ನೇ ಟೈಪ್ ಮಾಡುವ ನಮ್ಮಂಥವರಿಗೆ ಇದು ಮನೆಮಾತು.

ಗಾಳಿಯ ವೇಗ ಮಾತ್ರ ಸುಲಭಕ್ಕೆ ಬಗ್ಗುವುದಿಲ್ಲ. ನೇರವಾಗಿ ಬೆಲೆ ಕೊಟ್ಟರೆ ಹವಾಮಾನದ ಲೆಕ್ಕ ಮರುಕ್ಷಣವೇ ಅದರ ಮೇಲೆ ತನ್ನದನ್ನು ಬರೆದುಬಿಡುತ್ತದೆ. ಕೆಳಗಿನ 'ಕಾನ್ಫಿಗ್' ಕೊಂಬೆಗೆ ಹೋಗಿ ಎತ್ತರದ ಒಂದೊಂದು ಪದರಕ್ಕೂ ಬೇರೆ ಬೆಲೆ ಕೊಡಬೇಕು. ಗೆಳೆಯ ಇದನ್ನು ಎರಡು ವಾರ ಕೂತು ಕಲಿತ. ಅವನು ಮಲಗಿದ ಮೇಲೆ ನಾನೂ ಕಲಿತೆ. ಕಲಿತು ಮಾಡಿದ್ದೇನು? ಗಾಳಿಗೆ ಸೊನ್ನೆ ಕೊಟ್ಟೆ. ಗುಡ್ಡದ ನೆತ್ತಿ ಸವರಿ ಮಾಡಿದ ಬಜ್ಪೆಯ ರನ್‌ವೇಯಲ್ಲಿ, ಎರಡೂ ಕಡೆ ಕಣಿವೆ ಇರುವಲ್ಲಿ, ಬೋಯಿಂಗ್ 737 ಸಲೀಸಾಗಿ ಇಳಿಯಿತು. ಹೆಮ್ಮೆಯೂ ಆಯಿತು.

ಆಮೇಲೆ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ವಿಚಾರಣಾ ವರದಿ ಓದಿದೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ 737 ಅದೇ ರನ್‌ವೇಯನ್ನು ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ ಬದುಕಿದವರು ಎಂಟೇ ಮಂದಿ. ನಮ್ಮ ಜಿಲ್ಲೆಯಲ್ಲಿ, ಪಕ್ಕದ ಕಾಸರಗೋಡಿನಲ್ಲಿ ಆ ದಿನವನ್ನು ಮರೆತವರಿಲ್ಲ. ಅಂದು ಬಿರುಗಾಳಿ ಇದ್ದಿರಬೇಕು, ಮಳೆ ಇದ್ದಿರಬೇಕು ಎಂದೇ ನಾನು ಅಂದುಕೊಂಡಿದ್ದೆ. ವರದಿಯ ಪ್ರಕಾರ ಗಾಳಿ ಇರಲಿಲ್ಲ. ಮಳೆಯೂ ಇರಲಿಲ್ಲ. 6 ಕಿಲೋಮೀಟರ್ ದೂರದವರೆಗೆ ಕಾಣುತ್ತಿತ್ತು. ನಾನು ರಾತ್ರಿ ಕದ್ದು ಟೈಪ್ ಮಾಡುತ್ತಿದ್ದ ಸೊನ್ನೆ ಅಂದು ತಾನಾಗಿಯೇ ಇತ್ತು.

ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಅದು ನೆಲ ಮುಟ್ಟಿತು. ಹಾರಾಟದ ಬಹುಪಾಲು ನಿದ್ದೆಯಲ್ಲಿದ್ದ ಕ್ಯಾಪ್ಟನ್ ಇಳಿಸುವುದನ್ನು ಬಿಡಲಿಲ್ಲ. ಇಳಿಸುವುದು ಬೇಡ, ಮೇಲಕ್ಕೇರೋಣ ಎಂದು ಪಕ್ಕದ ಕುರ್ಚಿಯಲ್ಲಿದ್ದ ಸಹ ಪೈಲಟ್ ಮೂರು ಬಾರಿ ಹೇಳಿದ್ದರು.

ಆ ಮರದ ಕೊಂಬೆಗಳನ್ನೆಲ್ಲ ನಾನು ಜಾಲಾಡಿದ್ದೇನೆ. ಫ್ಲ್ಯಾಪ್‌ಗೆ ಬೆಲೆಯಿದೆ, ಬ್ರೇಕಿಗೆ ಇದೆ, ಇಂಧನಕ್ಕೆ ಇದೆ. ಪಕ್ಕದವನ ಮಾತನ್ನು ಕೇಳುವುದಕ್ಕೆ ಬೆಲೆ ಕೊಡುವ ಜಾಗ ಇಲ್ಲ. ಗಾಳಿ ಸೊನ್ನೆ ಮಾಡಿ ನಾನು ಅಭ್ಯಾಸ ಮಾಡಿದ್ದು ಇಳಿಯುವುದೊಂದನ್ನೇ. ಇಳಿಯದೆ ಬಿಡುವುದನ್ನು ಒಮ್ಮೆಯೂ ಮಾಡಿರಲಿಲ್ಲ. ಲಿಂಕ್ ಯಂತ್ರದಲ್ಲಿ ಮೇಜಿನ ಮುಂದೆ ಬೇರೊಬ್ಬನನ್ನು ಕೂರಿಸಿದ್ದು ಏಕೆಂದು ನನಗೆ ಅರ್ಥವಾದದ್ದು ಆಗ.

ಮುಂದಿನ ಶನಿವಾರ ಟೆಲ್ನೆಟ್ ಗೆಳೆಯನ ಕೈಯಲ್ಲೇ ಇತ್ತು. ನಾನು ಎತ್ತರದಲ್ಲಿ ಬಂದಿದ್ದೆ. ಗಾಳಿಯನ್ನು ಅವನು ಮುಟ್ಟಿರಲಿಲ್ಲ. ಪರದೆಯ ಕಡೆ ನೋಡಿ, "ಭಾಳ ಮ್ಯಾಲ ಅದೀಯಲ್ಲೋ" ಅಂದ. ನಾನು ಥ್ರಾಟಲ್ ಪೂರ್ತಿ ಮುಂದಕ್ಕೆ ತಳ್ಳಿದೆ. ರನ್‌ವೇ ಕೆಳಗೆ ಸರಿದುಹೋಯಿತು.

"ಯಾಕೋ, ಇಳಸ್ಲಿಲ್ಲ?"

"ಇಲ್ಲ ಮಾರಾಯ. ಇನ್ನೊಂದು ಸುತ್ತು ಬರುವ."