ಅಭ್ರಕವಿಲ್ಲದ ಮೈಕಾ

ಅಡುಗೆಮನೆಯ ಹಳೆಯ ಕಪಾಟನ್ನು ಒಡೆಯದೆ ಬಾಗಿಲುಗಳಿಗೆ ಮಾತ್ರ ಹೊಸ ಮುಖ ಕೊಡಿಸುವುದು ಮುಂಬೈ, ಪುಣೆಯ ಫ್ಲ್ಯಾಟುಗಳಲ್ಲಿ ಮಾಮೂಲು. ಬಾಗಿಲು ಕಳಚಿ, ಹಳೆಯ ಹಾಳೆ ಕಿತ್ತು, ಪ್ಲೈವುಡ್ ಉಜ್ಜಿ, ಫೆವಿಕಾಲ್ ಬಳಿದು, ಹೊಸ ಹಾಳೆ ಕೂರಿಸಿ, ರಾತ್ರಿಯಿಡೀ ಭಾರ ಹೇರಿಡುತ್ತಾರೆ. ಎಂಟಡಿಗೆ ನಾಲ್ಕಡಿಯ, ಸುಮಾರು 1 ಮಿಲಿಮೀಟರ್ ದಪ್ಪದ ಆ ಹಾಳೆಗೆ ಅಂಗಡಿಯ ಬಿಲ್ಲಿನಲ್ಲಿ ಲ್ಯಾಮಿನೇಟ್ ಎಂಬ ಹೆಸರು. ಮನೆಯವರಿಗೆ ಅದು ಸನ್‌ಮೈಕಾ. ಮೂಲದಲ್ಲಿ ಅದೊಂದು ಬ್ರ್ಯಾಂಡಿನ ಹೆಸರು. ಮಿಸ್ತ್ರಿ ಅದನ್ನೂ ಮೊಟಕು ಮಾಡಿ ಬರೀ ‘ಮೈಕಾ’ ಎನ್ನುತ್ತಾನೆ. ಮೈಕಾ ಎಂದರೆ ಅಭ್ರಕ, ನಮ್ಮ ಹಳ್ಳಿಗಳ ಕಾಗೆಬಂಗಾರ. ಹಾಳೆಯನ್ನು ಕಟ್ಟಿರುವುದು ಕಾಗದ ಮತ್ತು ರಾಳದಿಂದ, ಅಭ್ರಕದಿಂದಲ್ಲ. ಅದು ಹುಟ್ಟಿದ್ದೇ ಅಭ್ರಕವನ್ನು ಬಿಡಿಸುವುದಕ್ಕೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದ್ಯುತ್ ಯಂತ್ರಗಳಿಗೆ ಅವಾಹಕವಾಗಿ ಅಭ್ರಕ ಬೇಕಿತ್ತು. ತೆಳುವಾಗಿ ಸೀಳುತ್ತದೆ, ಬಿಸಿ ತಡೆಯುತ್ತದೆ, ಕರೆಂಟು ಹಾಯಗೊಡುವುದಿಲ್ಲ. ಜಗತ್ತಿಗೆ ಹಾಳೆ ಅಭ್ರಕದ ದೊಡ್ಡ ಪಾಲು ಹೋಗುತ್ತಿದ್ದುದು ಭಾರತದಿಂದ: ಕೋಡರ್ಮಾ, ಹಜಾರಿಬಾಗ್ ಕಡೆಯ ಗಣಿಗಳಿಂದ, ಇತ್ತ ನೆಲ್ಲೂರಿನಿಂದ. ಪದರ ಪದರವಾಗಿ ಅದನ್ನು ಕೈಯಲ್ಲಿ ಸೀಳುವ ಕೆಲಸ ಹೆಚ್ಚಾಗಿ ಹೆಂಗಸರದು, ಮಕ್ಕಳದು. ಲ್ಯಾಮಿನೇಟಿನ ಚರಿತ್ರೆ ಬರೆಯುವವರು ಈ ಕೈಗಳ ಮಾತೆತ್ತುವುದು ಅಪರೂಪ.

ಪಿಟ್ಸ್‌ಬರ್ಗಿನ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿ ಡೇನಿಯಲ್ ಓ'ಕಾನರ್ ಮತ್ತು ಹರ್ಬರ್ಟ್ ಫೇಬರ್ ಇದಕ್ಕೊಂದು ಬದಲಿ ಹುಡುಕಿದರು. ಬೇಕಲೈಟ್ ರಾಳ ಕುಡಿಸಿದ ಪದರಗಳನ್ನು ಬಿಸಿಯಲ್ಲಿ ಒತ್ತಿದರೆ ಗಟ್ಟಿ ಹಲಗೆಯಾಗುತ್ತಿತ್ತು. ಮತ್ತೆ ಕಾಯಿಸಿದರೂ ಕರಗುತ್ತಿರಲಿಲ್ಲ. 1913ರಲ್ಲಿ ಇಬ್ಬರೂ ಕೆಲಸ ಬಿಟ್ಟು ಸಿನ್ಸಿನಾಟಿಯಲ್ಲಿ ಸ್ವಂತ ಕಂಪನಿ ತೆರೆದರು. ‘ಫಾರ್ ಮೈಕಾ’, ಅಂದರೆ ಮೈಕಾದ ಬದಲಿಗೆ. ಅದೇ ಫಾರ್ಮೈಕಾ.

ಅಡುಗೆಮನೆಗೆ ಅದು ಬಂದದ್ದು ನಿಧಾನವಾಗಿ. ಮೇಲ್ಪದರಕ್ಕೆ ಮರದ, ಅಮೃತಶಿಲೆಯ ಚಿತ್ರ ಅಚ್ಚಾದ ಕಾಗದ ಹಾಕುವುದು 1920ರ ದಶಕದ ಉಪಾಯ. ಆದರೆ ಫಿನಾಲಿನ ರಾಳ ಕಂದು. ತಿಳಿಬಣ್ಣ ಅದರಲ್ಲಿ ಒಗ್ಗದು. 1930ರ ದಶಕದ ಕೊನೆಗೆ ಮೆಲಮೈನ್ ರಾಳ ಬಂತು: ಪಾರದರ್ಶಕ, ಗಟ್ಟಿ, ಬಿಸಿ ಪಾತ್ರೆಗೂ ಸುಲಭಕ್ಕೆ ಜಗ್ಗದು. ಯುದ್ಧದ ನಂತರ ಅಮೆರಿಕದ ಹೊಸ ಮನೆಗಳ ಕಟ್ಟೆ, ಮೇಜುಗಳೆಲ್ಲ ಅದರವೇ ಆದವು. ಹೆಸರು ಎಷ್ಟು ಹರಡಿತೆಂದರೆ, ಇದು ಸಾಮಾನ್ಯ ಪದವಾಗಿದೆ, ಟ್ರೇಡ್‌ಮಾರ್ಕ್ ರದ್ದು ಮಾಡಿ ಎಂದು 1978ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನೇ ಅರ್ಜಿ ಹಾಕಿತು. ಸಂಸತ್ತು ಅಡ್ಡ ಬಂದು ಕಂಪನಿಯ ಹೆಸರು ಉಳಿಯಿತು.

ಇಲ್ಲಿ ‘ಬದಲಿಗೆ’ ಎಂಬ ಅರ್ಧ ನಾಲಿಗೆಯಿಂದ ಉದುರಿತು, ‘ಮೈಕಾ’ ಉಳಿಯಿತು. ಅಭ್ರಕ ಅಗೆಯುವ ದೇಶದಲ್ಲಿ ಅಭ್ರಕವಲ್ಲದ್ದಕ್ಕೆ ಆ ಹೆಸರು. ಕೋಡರ್ಮಾ ಸುತ್ತಿನ ಹಳ್ಳಿಗಳಲ್ಲಿ ಮುಚ್ಚಿದ ಗಣಿಗಳ ಬಳಿ ಚೂರು ಅಭ್ರಕ ಆಯುವವರು ಈಗಲೂ ಇದ್ದಾರೆ, ಅವರಲ್ಲಿ ಮಕ್ಕಳೂ. ಆ ಚೂರು ‘ಢಿಬ್ರಾ’. ಅದರ ಹೊಳಪು ಪೇಂಟಿಗೆ, ಮೇಕಪ್ಪಿಗೆ ಹೋಗುತ್ತದೆ.

ಇತ್ತ ಮಿಸ್ತ್ರಿ ಹೊಸ ಹಾಳೆ ಕತ್ತರಿಸಿದಾಗ ಅಂಚಿನಲ್ಲೊಂದು ಕಂದು ಗೆರೆ ಕಾಣುತ್ತದೆ. ಅದು ಫಿನಾಲ್ ರಾಳ ಕುಡಿದ ಕಾಗದ, ಹಿಂದೆ ಮೋಟಾರಿಗೆಂದು ಮಾಡಿದ್ದ ಅವಾಹಕದ ವಂಶ. ನೋಡಲು ಚೆನ್ನಾಗಿರುವುದಿಲ್ಲವೆಂದು ಅದರ ಮೇಲೊಂದು ಪಟ್ಟಿ ಅಂಟಿಸುತ್ತಾರೆ.