ಎರಕ ಹೊಯ್ದ ಎರೆಹುಳು

ಮೀನಿಗೆ ಒಡ್ಡುವ ತಿನಿಸಿಗೆ ಕನ್ನಡದಲ್ಲಿ ಎರೆ ಎಂಬ ಹೆಸರುಂಟು. ಎರೆಹುಳು ಎಂಬಲ್ಲಿ ಕೇಳಿಸುವುದೂ ಅದೇ ಶಬ್ದ. ಮಳೆ ಬಿದ್ದ ಮರುದಿನ ಬಾಳೆಯ ಬುಡ ಕೆದಕಿ ಹುಳು ಹೆಕ್ಕಿ, ಗೆರಟೆಯಲ್ಲಿ ಹಸಿಮಣ್ಣಿನೊಂದಿಗೆ ತುಂಬಿಕೊಂಡು ಹೊಳೆಯತ್ತ ಹೊರಡುವುದು ಮಲೆನಾಡು, ಕರಾವಳಿಗಳ ಹುಡುಗರಿಗೆ ಹೊಸತಲ್ಲ. ಕಾವೇರಿಯ ಮಡುಗಳಲ್ಲಿ ಮಹಶೀರ್ ಮೀನಿಗೆ ಗಾಳ ಹಾಕುತ್ತಿದ್ದವರು ರಾಗಿ ಹಿಟ್ಟನ್ನು ಬೇಯಿಸಿ ಉಂಡೆ ಕಟ್ಟಿ ಕೊಕ್ಕೆಗೆ ಮೆತ್ತುತ್ತಿದ್ದರು. ಹೀಗೆ ಎರೆ ಸಿಗುವುದು ಹಿತ್ತಿಲಿನಲ್ಲಿ, ಇಲ್ಲವೇ ಅಡುಗೆಮನೆಯಲ್ಲಿ. ಕುತೂಹಲದ ಸಂಗತಿ ಎಂದರೆ, ಇಂದು ಕಾರ್ಖಾನೆಗಳಲ್ಲಿ ರಾಶಿ ರಾಶಿಯಾಗಿ ತಯಾರಾಗಿ ಭಾರತದ ಅಂಗಡಿಗಳಲ್ಲೂ ಮಾರಾಟವಾಗುವ ಮೆತ್ತನೆಯ ಪ್ಲಾಸ್ಟಿಕ್ ಹುಳುವಿನ ತವರು ಕೂಡ ಒಂದು ಅಡುಗೆಮನೆಯೇ. ಅದು ಇದ್ದುದು ಅಮೆರಿಕದ ಓಹಿಯೊ ರಾಜ್ಯದ ಆ್ಯಕ್ರನ್ ಎಂಬ ಊರಿನಲ್ಲಿ.

ಚಮಚ, ಮರ, ಬೆಂಡು

ಹುಸಿ ಎರೆ ತೋರಿಸಿ ಮೀನು ಹಿಡಿಯುವ ವಿದ್ಯೆ ಬಹಳ ಹಳೆಯದು. ಮೂಳೆ, ಕೊಂಬು, ಚಿಪ್ಪು, ಹಕ್ಕಿಯ ಗರಿ ಮೊದಲಾದವನ್ನು ಬೇರೆ ಬೇರೆ ಜನಾಂಗಗಳು ಬೇರೆ ಬೇರೆ ಕಾಲದಲ್ಲಿ ಬಳಸಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಲ್ಲಿ ಇದು ವ್ಯಾಪಾರವಾಗಿ ಬೆಳೆಯಿತು. ಜೂಲಿಯೊ ಬ್ಯುಯೆಲ್ ಎಂಬಾತ 1852ರಲ್ಲಿ ಚಮಚದ ಆಕಾರದ ಲೋಹದ ಎರೆಗೆ ಪೇಟೆಂಟ್ ಪಡೆದ. ದೋಣಿಯಲ್ಲಿ ಕುಳಿತು ಊಟ ಮಾಡುವಾಗ ಕೈಜಾರಿ ನೀರಿಗೆ ಬಿದ್ದ ಚಮಚಕ್ಕೆ ಮೀನೊಂದು ಬಾಯಿ ಹಾಕಿದ್ದೇ ಅದಕ್ಕೆ ಪ್ರೇರಣೆ ಎಂಬ ಕಥೆ ಪ್ರಚಲಿತವಾಗಿದೆ. ಫಿನ್ಲೆಂಡಿನ ಬೆಸ್ತ ಲೌರಿ ರಾಪಾಲ 1936ರಲ್ಲಿ ಬೆಂಡನ್ನು ಚಾಕುವಿನಿಂದ ಕೆತ್ತಿ ಮೀನಿನ ಆಕಾರಕ್ಕೆ ತಂದ. ಹೊಳಪಿಗೆ ಚಾಕೊಲೇಟಿನ ತಗಡು ಕಾಗದ ಸುತ್ತಿದ. ನೀರು ತಾಗದಂತೆ ಮೇಲೆ ಹಚ್ಚಿದ್ದು ಕರಗಿಸಿದ ಫೋಟೋ ಫಿಲ್ಮನ್ನು. ಕೈಗೆ ಸಿಕ್ಕಿದ ವಸ್ತುವಿನಿಂದ ಮನೆಯಲ್ಲೇ ಎರೆ ಮಾಡಿಕೊಳ್ಳುವ ಪರಂಪರೆಗೆ ಇದು ಉತ್ತಮ ಉದಾಹರಣೆ.

ಆದರೆ ಲೋಹ, ಮರ, ಬೆಂಡುಗಳಿಗೆಲ್ಲ ಒಂದು ಸಾಮಾನ್ಯ ದೋಷವಿತ್ತು. ಇವು ಗಟ್ಟಿ. ಬಾಯಿಗೆ ಬಿದ್ದದ್ದು ಆಹಾರವಲ್ಲ ಎಂದು ಗೊತ್ತಾದೊಡನೆ ಮೀನು ಉಗುಳಿಬಿಡುತ್ತದೆ. ಗಾಳಗಾರನಿಗೆ ದಾರವನ್ನು ಜಗ್ಗಲು ಸಿಗುವ ಸಮಯ ಬಹಳ ಕಡಿಮೆ. ರಬ್ಬರಿನ ಹುಳುಗಳನ್ನು ಮಾಡಿ ನೋಡಿದವರೂ ಇದ್ದರು. ಅವು ಜೀವಂತ ಹುಳುವಿನಂತೆ ನೀರಿನಲ್ಲಿ ಓಲಾಡುತ್ತಿರಲಿಲ್ಲ. ಬೇಕಾಗಿದ್ದುದು ಮಾಂಸದಷ್ಟು ಮೆದುವಾದ, ನೀರಿಗೆ ಕರಗದ, ಅಚ್ಚಿನಲ್ಲಿ ಹೊಯ್ಯಲು ಬರುವ ವಸ್ತು.

ರಬ್ಬರಿನ ಊರು

ಆ ವಸ್ತು ದೊರೆತದ್ದು ಆ್ಯಕ್ರನ್ನಿನಲ್ಲಿಯೇ ಎಂಬುದು ಗಮನಾರ್ಹ. ಗುಡ್‌ರಿಚ್, ಗುಡ್‌ಇಯರ್, ಫೈರ್‌ಸ್ಟೋನ್ ಮೊದಲಾದ ಟೈರು ಕಂಪೆನಿಗಳು ನೆಲೆಯೂರಿದ್ದ ಈ ಪಟ್ಟಣಕ್ಕೆ ಜಗತ್ತಿನ ರಬ್ಬರ್ ರಾಜಧಾನಿ ಎಂಬ ಹೆಸರೇ ಇತ್ತು. 1926ರಲ್ಲಿ ಗುಡ್‌ರಿಚ್ ಕಂಪೆನಿಯ ರಸಾಯನವಿಜ್ಞಾನಿ ವಾಲ್ಡೊ ಸೆಮನ್, ರಬ್ಬರನ್ನು ಲೋಹಕ್ಕೆ ಅಂಟಿಸುವ ಅಂಟಿನ ಹುಡುಕಾಟದಲ್ಲಿದ್ದರು. ಆಗ ಅವರು ಪರೀಕ್ಷಿಸಿದ ವಸ್ತುಗಳಲ್ಲಿ ಪಾಲಿವಿನೈಲ್ ಕ್ಲೋರೈಡ್, ಅಂದರೆ ಪಿವಿಸಿ, ಒಂದು. ಜರ್ಮನಿಯ ಯೂಗೆನ್ ಬೌಮನ್ 1872ರಲ್ಲೇ ಇದನ್ನು ತಯಾರಿಸಿದ್ದರೂ, ಗಡಸಾಗಿ ಸುಲಭವಾಗಿ ಮುರಿಯುತ್ತಿದ್ದ ಆ ಪುಡಿ ಯಾವ ಉಪಯೋಗಕ್ಕೂ ಬಂದಿರಲಿಲ್ಲ. ಸೆಮನ್ ಅದನ್ನು ಹೆಚ್ಚು ಉಷ್ಣದಲ್ಲಿ ಕುದಿಯುವ ದ್ರಾವಕವೊಂದರಲ್ಲಿ ಹಾಕಿ ಕಾಯಿಸಿದರು. ತಣಿದಾಗ ಸಿಕ್ಕಿದ್ದು ಅಂಟಲ್ಲ, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಮೆತ್ತನೆಯ ಮುದ್ದೆ.

ಇದರ ಗುಟ್ಟು ಸರಳವಾದುದು. ಪಿವಿಸಿಯ ಉದ್ದನೆಯ ಅಣುಸರಪಳಿಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅದು ಗಡಸು. ಎಣ್ಣೆಯಂತಹ ಮೃದುಕಾರಕ ದ್ರವ ಆ ಸರಪಳಿಗಳ ನಡುವೆ ಸೇರಿಕೊಂಡರೆ ಅವು ಒಂದರ ಮೇಲೊಂದು ಜಾರತೊಡಗುತ್ತವೆ, ವಸ್ತು ಮೆದುವಾಗುತ್ತದೆ. ದ್ರವ ಹೆಚ್ಚಾದಷ್ಟೂ ಮೆದುತನ ಹೆಚ್ಚು. ಮಳೆ ಅಂಗಿ, ವಿದ್ಯುತ್ ತಂತಿಯ ಹೊದಿಕೆ, ನೆಲಹಾಸುಗಳಿಗೆ ದಾರಿ ಮಾಡಿಕೊಟ್ಟ ಈ ಶೋಧ ಪ್ಲಾಸ್ಟಿಕ್ ಹುಳುವಿಗೂ ಮೂಲವಾಯಿತು. ನೂರು ವರ್ಷ ಬದುಕಿದ ಸೆಮನ್ 1999ರಲ್ಲಿ ತೀರಿಕೊಂಡರು.

ಒಲೆಯ ಮೇಲೆ ಹುಳು

ಅದೇ ಊರಿನಲ್ಲಿ ಯಂತ್ರದ ಕೆಲಸಗಾರರಾಗಿದ್ದ ನಿಕ್ ಕ್ರೀಮ್ ಅವರಿಗೆ ಮೀನು ಹಿಡಿಯುವ ಹವ್ಯಾಸ. 1949ರಲ್ಲಿ ಅವರು ಪತ್ನಿ ಕಾಸ್ಮಾ ಜೊತೆ ಸೇರಿ ಮನೆಯ ಒಲೆಯ ಮೇಲೆ ವಿನೈಲ್, ಎಣ್ಣೆ ಮತ್ತು ಬಣ್ಣಗಳ ಮಿಶ್ರಣವನ್ನು ಕಾಯಿಸಿದರು. ನಿಜವಾದ ಎರೆಹುಳುವಿನ ಮಾದರಿಯಲ್ಲಿ ಮಾಡಿದ ಅಚ್ಚಿಗೆ ಹೊಯ್ದರು. ಹೊರಬಂದ ಹುಳುವಿನಲ್ಲಿ ಮೈಮೇಲಿನ ಉಂಗುರಗಳೂ ಮೂಡಿದ್ದವು. 1951ರ ವೇಳೆಗೆ ದಂಪತಿ ಅಂಚೆಯ ಮೂಲಕ ಮಾರಾಟ ಆರಂಭಿಸಿದರು. ಬೆಲೆ ಡಾಲರಿಗೆ ಐದು.

ಜೀವಂತ ಹುಳುವನ್ನು ತಂಪಿನಲ್ಲಿ ಕಾಪಾಡಬೇಕು, ಬಿಸಿಲಿಗೆ ಅದು ಸಾಯುತ್ತದೆ, ಕೊಕ್ಕೆಯಿಂದ ಕಳಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಹುಳುವಿಗೆ ಇಂತಹ ಯಾವ ಆರೈಕೆಯೂ ಬೇಡ. ಅದಕ್ಕಿಂತ ಮುಖ್ಯವಾಗಿ, ಬಾಯಿಗೆ ಮೆತ್ತಗೆ ತಾಗುವ ಇದನ್ನು ಮೀನು ಬೇಗ ಉಗುಳುತ್ತಿರಲಿಲ್ಲ. ಆ ಕೆಲವು ಕ್ಷಣಗಳೇ ಗಾಳಗಾರನ ಲಾಭ.

ಮುಳುಗಿದ ಮರಗಳ ನಡುವೆ

ಹುಳುವಿಗೆ ನಿಜವಾದ ಮಾರುಕಟ್ಟೆ ಸಿಕ್ಕಿದ್ದು ದಕ್ಷಿಣದ ಟೆಕ್ಸಾಸ್ ರಾಜ್ಯದಲ್ಲಿ. ಅಲ್ಲಿನ ಜಲಾಶಯಗಳಲ್ಲಿ ಮುಳುಗಿದ ಮರಗಳು ನಿಂತಲ್ಲೇ ಉಳಿದಿದ್ದವು. ಅಗಲ ಬಾಯಿಯ ಬಾಸ್ ಮೀನು ಅವುಗಳ ಸಂದಿಯಲ್ಲೇ ಅಡಗುತ್ತಿತ್ತು. ತೆರೆದ ಕೊಕ್ಕೆ ಅಲ್ಲಿಗೆ ಹೋದರೆ ಕೊಂಬೆಗೆ ಸಿಕ್ಕಿಕೊಳ್ಳುವುದು ಖಂಡಿತ. ಇದಕ್ಕೆ ಅಲ್ಲಿನ ಗಾಳಗಾರರು ಉಪಾಯ ಕಂಡುಕೊಂಡರು. ಕೊಕ್ಕೆಯನ್ನು ಹುಳುವಿನ ತಲೆಯಲ್ಲಿ ತೂರಿಸಿ, ತಿರುಗಿಸಿ, ಮೊನೆಯನ್ನು ಅದರ ಮೈಯೊಳಗೇ ಹುದುಗಿಸುವುದು. ದಾರದಲ್ಲಿ ಗುಂಡಿನಾಕಾರದ ಸಣ್ಣ ತೂಕ. ಮೀನು ಕಚ್ಚಿ ದಾರ ಜಗ್ಗಿದಾಗ ಮಾತ್ರ ಮೊನೆ ಮೆತ್ತನೆಯ ಮೈಯನ್ನು ಸೀಳಿ ಹೊರಬರುತ್ತದೆ. ‘ಟೆಕ್ಸಾಸ್ ರಿಗ್’ ಎಂದು ಪ್ರಸಿದ್ಧವಾದ ಈ ಕ್ರಮ ಮರದ ಅಥವಾ ಲೋಹದ ಎರೆಯಲ್ಲಿ ಸಾಧ್ಯವೇ ಇರಲಿಲ್ಲ. ಕ್ರೀಮ್ ಅವರ ಉದ್ಯಮವೂ 1960ರ ಸುಮಾರಿಗೆ ಟೆಕ್ಸಾಸಿನ ಟೈಲರ್ ಪಟ್ಟಣಕ್ಕೆ ಬಂದಿತು.

1967ರಲ್ಲಿ ರೇ ಸ್ಕಾಟ್ ಎಂಬುವರು ಅರ್ಕಾನ್ಸಾ ರಾಜ್ಯದ ಬೀವರ್ ಸರೋವರದಲ್ಲಿ ಬಾಸ್ ಮೀನು ಹಿಡಿಯುವ ಪಂದ್ಯ ಏರ್ಪಡಿಸಿದರು, ಮರುವರ್ಷ ಗಾಳಗಾರರ ಸಂಘ ಕಟ್ಟಿದರು. ಹವ್ಯಾಸ ಕ್ರೀಡೆಯಾಯಿತು, ಅದರೊಂದಿಗೆ ಹುಳುವಿನ ವ್ಯಾಪಾರವೂ ಬೆಳೆಯಿತು. ಅಲಬಾಮಾದ ಟಾಮ್ ಮನ್ ಸ್ಟ್ರಾಬೆರಿ, ದ್ರಾಕ್ಷಿ ಮೊದಲಾದ ಹಣ್ಣುಗಳ ಪರಿಮಳ ಬೆರೆಸಿದ ‘ಜೆಲ್ಲಿ ವರ್ಮ್’ ಮಾರಿ ಹೆಸರಾದರು. ಹುಳುವಿನ ಜೊತೆಗೆ ಹಲ್ಲಿ, ಕಪ್ಪೆ, ಸಿಗಡಿ, ಪುಟ್ಟ ಮೀನುಗಳ ಆಕಾರಗಳೂ ಬಂದವು.

ಮತ್ತೆ ಮನೆಗೆ

ಅಡುಗೆಮನೆಯಿಂದ ಕಾರ್ಖಾನೆಗೆ ಹೋದ ಹುಳು ಅಡುಗೆಮನೆಯನ್ನು ಪೂರ್ತಿ ಮರೆಯಲಿಲ್ಲ. ಮೆದುತನವೇ ಅದಕ್ಕೆ ಕಾರಣ. ಒಂದೆರಡು ಮೀನು ಕಚ್ಚುವಷ್ಟರಲ್ಲಿ ಹುಳು ಹರಿದುಹೋಗುತ್ತದೆ. ಪೊಟ್ಟಣದ ಮೇಲೆ ಪೊಟ್ಟಣ ಕೊಳ್ಳುವ ಬದಲು ತಾವೇ ಮಾಡಿಕೊಂಡರೇನು ಎಂದು ಅನೇಕರಿಗೆ ಅನ್ನಿಸಿತು. ತಮ್ಮ ಕೆರೆಯ ನೀರಿಗೆ ಒಪ್ಪುವ ಬಣ್ಣವನ್ನು ತಾವೇ ಬೆರೆಸುವ ಆಸೆಯೂ ಸೇರಿಕೊಂಡಿತು.

ಮನೆಯ ಕೆಲಸಕ್ಕೆ ಸಿಗುವ ಕಚ್ಚಾವಸ್ತುವಿಗೆ ಪ್ಲಾಸ್ಟಿಸಾಲ್ ಎಂದು ಹೆಸರು. ಮೃದುಕಾರಕ ದ್ರವದಲ್ಲಿ ಪಿವಿಸಿಯ ನುಣುಪು ಪುಡಿ ತೇಲುತ್ತಿರುವ, ಹಾಲಿನಂತೆ ಕಾಣುವ ದ್ರಾವಣ ಇದು. ಕಾಯಿಸಿದರೆ ಮೊದಲು ಗಂಜಿಯಂತೆ ಮಂದವಾಗುತ್ತದೆ. ಸುಮಾರು 175 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತಿಳಿಯಾಗಿ ಪಾಕದಂತೆ ಹರಿಯತೊಡಗುತ್ತದೆ. ಬಣ್ಣ, ಮಿನುಗು ಪುಡಿ, ಕೆಲವೊಮ್ಮೆ ಉಪ್ಪು ಸೇರಿಸಿ ಅಚ್ಚಿಗೆ ಹೊಯ್ದರೆ ಕೆಲವೇ ನಿಮಿಷಗಳಲ್ಲಿ ಹುಳು ಸಿದ್ಧ. ಹಿಂದೆ ಒಲೆಯ ಮೇಲೆ ಕಾಯಿಸುತ್ತಿದ್ದವರು ಬಳಿಕ ಮೈಕ್ರೋವೇವ್ ಒಲೆಗೆ ಬಂದರು. ಅಚ್ಚುಗಳೂ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಸಿಲಿಕೋನಿಗೆ, ಅಲ್ಲಿಂದ ಅಲ್ಯೂಮಿನಿಯಮ್ಮಿಗೆ ಬದಲಾದವು.

ಕೆಲಸ ಸುಲಭವೆಂದು ಕಂಡರೂ ಅಪಾಯವಿಲ್ಲದ್ದಲ್ಲ. ಪ್ಲಾಸ್ಟರ್ ಅಚ್ಚಿನಲ್ಲಿ ಚೂರು ತೇವ ಉಳಿದಿದ್ದರೆ ಅದು ಥಟ್ಟನೆ ಆವಿಯಾಗಿ ಕುದಿಯುವ ಪ್ಲಾಸ್ಟಿಕ್ಕನ್ನು ಮುಖಕ್ಕೆ ಸಿಡಿಸಬಹುದು. ಮೈಗೆ ಅಂಟಿದರೆ ಬಿಸಿ ಎಣ್ಣೆಯಂತೆ ಜಾರಿ ಹೋಗದೆ ಅಲ್ಲೇ ಸುಡುತ್ತದೆ. ಹದ ಮೀರಿ ಕಾಯಿಸಿದರೆ ಪಿವಿಸಿ ಹಳದಿಯಾಗಿ, ಕಂದಾಗಿ, ಉಸಿರುಗಟ್ಟಿಸುವ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಹೀಗಾಗಿ ಗಾಳಿಯಾಡುವ ಜಾಗ, ಕೈಗವಸು, ಕಣ್ಣಿಗೆ ಕನ್ನಡಕ ಹಾಗೂ ಅನಿಲ ತಡೆಯುವ ಮುಖವಾಡ ಅಗತ್ಯ. ಇದಕ್ಕೆ ಬಳಸಿದ ಪಾತ್ರೆ, ಒಲೆಗಳನ್ನು ಮತ್ತೆ ಅಡುಗೆಗೆ ಬಳಸಕೂಡದು. ಅಡುಗೆಮನೆಯಲ್ಲಿ ಹುಟ್ಟಿದ ಕಸುಬು ಈಗ ಅಲ್ಲಿ ನಡೆಯಬಾರದು ಎಂಬುದೇ ತಿಳಿದವರ ಮಾತು.

ಸಾಯದ ಹುಳು

ಇನ್ನೊಂದು ಸಮಸ್ಯೆ ಇದಕ್ಕಿಂತ ದೊಡ್ಡದು. ಜೀವಂತ ಹುಳು ಸಾಯುತ್ತದೆ, ಕೊಳೆಯುತ್ತದೆ. ಪ್ಲಾಸ್ಟಿಕ್ ಹುಳು ಸಾಯುವುದಿಲ್ಲ. ಕೊಕ್ಕೆಯಿಂದ ಹರಿದು ಬಿದ್ದದ್ದು, ಬೇಡವೆಂದು ಎಸೆದದ್ದು ಕೆರೆಯ ತಳದಲ್ಲೇ ಉಳಿಯುತ್ತದೆ. ಅದನ್ನು ನುಂಗಿದ ಮೀನಿಗೆ ಜೀರ್ಣಿಸಿಕೊಳ್ಳಲು ಆಗುವುದಿಲ್ಲ. ಅಮೆರಿಕದ ಮೇನ್ ರಾಜ್ಯದ ಶಾಸನಸಭೆಯಲ್ಲಿ 2013ರಲ್ಲಿ ಇಂತಹ ಎರೆಗಳನ್ನು ನಿಷೇಧಿಸುವ ಮಸೂದೆಯೇ ಮಂಡನೆಯಾಗಿತ್ತು. ನಿಷೇಧ ಬರಲಿಲ್ಲವಾದರೂ ಪ್ರಶ್ನೆ ಉಳಿಯಿತು. ಮೃದುಕಾರಕವಾಗಿ ಬಳಸುತ್ತಿದ್ದ ಕೆಲವು ಥಾಲೇಟ್‌ಗಳ ಮೇಲೂ ಸಂಶಯ ಬೆಳೆಯಿತು. ಮಕ್ಕಳ ಆಟಿಕೆಗಳಲ್ಲಿ ಅವುಗಳನ್ನು ಯೂರೋಪು 1999ರಿಂದ, ಅಮೆರಿಕ 2008ರಿಂದ ನಿರ್ಬಂಧಿಸಿದವು. ಅವಿಲ್ಲದ ಪ್ಲಾಸ್ಟಿಸಾಲ್ ಈಗ ಸಿಗುತ್ತದೆ. ಬರ್ಕ್ಲಿ ಕಂಪೆನಿಯ ‘ಗಲ್ಪ್’ನಂತಹ, ಪಿವಿಸಿ ಇಲ್ಲದೆ ಕೊಳೆಯುವ ಎರೆಗಳೂ ಬಂದಿವೆ. ಆದರೆ ತಮ್ಮ ದ್ರವದಿಂದ ಹೊರಗೆ ಬಹಳ ಹೊತ್ತು ಇಟ್ಟರೆ ಅವು ಒಣಗಿ ಗಟ್ಟಿಯಾಗುತ್ತವೆ.

ಮನೆಯಲ್ಲಿ ಎರಕ ಹೊಯ್ಯುವವರ ಬಳಿ ಮತ್ತೊಂದು ದಾರಿಯಿದೆ, ಅದಕ್ಕೆ ಹೊಸ ಶೋಧವೇನೂ ಬೇಕಿಲ್ಲ. ಪಿವಿಸಿಯ ಹುಳುವನ್ನು ಮತ್ತೆ ಕರಗಿಸಬಹುದು. ಹರಿದ ಹುಳುಗಳನ್ನು ನೀರಿಗೆ ಎಸೆಯದೆ ಡಬ್ಬಿಯಲ್ಲಿ ಕೂಡಿಟ್ಟು, ತೊಳೆದು, ತೇವವಿಲ್ಲದಂತೆ ಒಣಗಿಸಿ, ಬಣ್ಣವಾರು ವಿಂಗಡಿಸಿ ಕರಗಿಸಿದರೆ ಹೊಸ ಹುಳುಗಳಾಗುತ್ತವೆ. ಎಲ್ಲ ಬಣ್ಣಗಳೂ ಕಲೆತರೆ ಬರುವುದು ಮಣ್ಣಿನಂತಹ ಕಂದು. ಎರೆಹುಳುವಿನ ಬಣ್ಣವೂ ಹೆಚ್ಚುಕಡಿಮೆ ಅದೇ ತಾನೆ.