ಊರೇ ಸಾಕಿದ ಮಗ

ಆಟಿಸಂ ಇರುವ ಮಗುವಿನ ತಾಯಿಯನ್ನು ಮಾತನಾಡಿಸಿ ನೋಡಿ. ಊಟ, ನಿದ್ದೆ, ಮಾತು, ಶಾಲೆ ಎಂಬ ದಿನನಿತ್ಯದ ಚಿಂತೆಗಳ ಅಡಿಯಲ್ಲಿ ಒಂದು ಪ್ರಶ್ನೆ ಸದಾ ಕೂತಿರುತ್ತದೆ: ನಾವು ಹೋದ ಮೇಲೆ ಇವನಿಗೆ ಯಾರು? ಈ ಪ್ರಶ್ನೆಗೆ ಇತಿಹಾಸದಲ್ಲಿ ಒಂದು ಉತ್ತರವಿದೆ. ಅದು ಯಾವ ಔಷಧಿಯ ಕಥೆಯೂ ಅಲ್ಲ, ಅಮೆರಿಕದ ಒಂದು ಸಣ್ಣ ಊರಿನ ಕಥೆ.

ಮೊದಲ ಮಗು

ಇಂಥ ಮಕ್ಕಳ ಬಗ್ಗೆ ಮಾಸ್ಕೋದ ವೈದ್ಯೆ ಗ್ರುನ್ಯಾ ಸುಖರೇವಾ 1925ರಲ್ಲೇ ಬರೆದಿದ್ದರು. ಅದು ಬಹುಕಾಲ ಜಗತ್ತಿನ ಗಮನಕ್ಕೆ ಬರಲಿಲ್ಲ. 1943ರಲ್ಲಿ ಬಾಲ್ಟಿಮೋರಿನ ಡಾ. ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಆಟಿಸಂ ಎಂಬ ಹೆಸರು ವೈದ್ಯಲೋಕದಲ್ಲಿ ನೆಲೆಯೂರಿದ್ದು ಆಗ. ಅದರಲ್ಲಿ ಮೊದಲು ಬರುವ ಹುಡುಗ ಡೊನಾಲ್ಡ್ ಟ್ರಿಪ್ಲೆಟ್. ಹುಟ್ಟಿದ್ದು 1933ರಲ್ಲಿ, ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಊರಿನಲ್ಲಿ.

ಮಗು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ತನ್ನಷ್ಟಕ್ಕೆ ತಾನು ವಸ್ತುಗಳನ್ನು ತಿರುಗಿಸುತ್ತ ಕೂರುತ್ತಿತ್ತು. ನಾಲ್ಕು ತುಂಬುವುದರೊಳಗೆ, 1937ರಲ್ಲಿ, ಅವನನ್ನು ಮನೆಯಿಂದ ದೂರದ ಒಂದು ಸಂಸ್ಥೆಗೆ ಸೇರಿಸಲಾಯಿತು. ಆ ಕಾಲದಲ್ಲಿ ಹೀಗೆ ಸೇರಿಸಿದ ಮಕ್ಕಳನ್ನು ಮರೆತುಬಿಡುವುದೇ ವಾಡಿಕೆ. ಆದರೆ ಮೇರಿ ಮತ್ತು ಬೀಮನ್ ಟ್ರಿಪ್ಲೆಟ್ ಮರುವರ್ಷ ಮಗನನ್ನು ಮನೆಗೆ ಕರೆತಂದರು. ತಂದೆ ಮಗನ ಬಗ್ಗೆ ಮೂವತ್ಮೂರು ಪುಟಗಳಷ್ಟು ಬರೆದು ಕ್ಯಾನರ್ ಅವರಿಗೆ ಕಳಿಸಿದರು.

ಎಣಿಸುವ ಹುಡುಗನಿಗೆ ನೇಗಿಲು

1942ರಲ್ಲಿ, ಒಂಬತ್ತರ ವಯಸ್ಸಿಗೆ, ಡೊನಾಲ್ಡ್ ಸಮೀಪದ ಲೂಯಿಸ್ ಎಂಬ ರೈತ ದಂಪತಿಯ ಮನೆಯಲ್ಲಿ ಇರತೊಡಗಿದ. 1945ರಲ್ಲಿ ಕ್ಯಾನರ್ ಅಲ್ಲಿಗೆ ಹೋಗಿ ಕಂಡದ್ದನ್ನು ಬರೆದಿದ್ದಾರೆ. ಅವನಿಗೆ ಅಳತೆಯ ಹುಚ್ಚು. ಅವರು ಬಾವಿ ತೋಡಲು ಹಚ್ಚಿ, ಎಷ್ಟು ಆಳವಾಯಿತೆಂದು ಅವನಿಂದಲೇ ಹೇಳಿಸಿದರು. ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದ. ಕೈಗೆ ನೇಗಿಲು ಕೊಟ್ಟು, ಉಳುತ್ತ ಎಣಿಸು ಎಂದರು. ಕ್ಯಾನರ್ ಎದುರಿಗೇ ಅವನು ಕುದುರೆ ಹೂಡಿ ಆರು ಸಾಲು ಉತ್ತ. ಹಳ್ಳಿಯ ಶಾಲೆಯೂ ಅವನನ್ನು ಅವನಿದ್ದಂತೆಯೇ ಸೇರಿಸಿಕೊಂಡಿತು.

ಈ ದಂಪತಿ ಎಣಿಸುವುದನ್ನು ಬಿಡಿಸಲು ಹೋಗಲಿಲ್ಲ. ಎಣಿಸುವವನಿಗೆ ಹೊಂದುವ ಕೆಲಸ ಹುಡುಕಿದರು. ಮುಂದಿನ ಪ್ರತಿ ಘಟ್ಟದಲ್ಲೂ ಊರು ಮಾಡಿದ್ದು ಇದನ್ನೇ.

ಡೊನಾಲ್ಡ್ ಹೈಸ್ಕೂಲು ಮುಗಿಸಿ, 1958ರಲ್ಲಿ ಪದವಿ ಪಡೆದು, ಊರಿನ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದರು. ಇಪ್ಪತ್ತೇಳಕ್ಕೆ ಕಾರು ಓಡಿಸಲು ಕಲಿತರು. ಗಾಲ್ಫ್ ಆಡಿದರು, ಒಬ್ಬರೇ ದೇಶವಿದೇಶ ಸುತ್ತಿದರು. ಪರಿಚಿತರಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟು, ಸಿಕ್ಕಾಗ ಆ ಸಂಖ್ಯೆಯಿಂದಲೇ ಕರೆಯುತ್ತಿದ್ದರು. ಊರಿನವರು ತಮ್ಮ ಸಂಖ್ಯೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

1980ರಲ್ಲಿ ತಂದೆ ತೀರಿಕೊಂಡರು, 1985ರಲ್ಲಿ ತಾಯಿ. ಎಲ್ಲ ತಾಯಂದಿರೂ ಹೆದರುವ ದಿನ ಬಂದೇಬಿಟ್ಟಿತ್ತು. ಡೊನಾಲ್ಡ್ ಅದೇ ಮನೆಯಲ್ಲಿ, ಅದೇ ದಿನಚರಿಯಲ್ಲಿ ಉಳಿದರು. ಯಾರೂ ಮೋಸ ಮಾಡಿ ಹಣ ಕೀಳದಂತೆ ಮನೆಯವರು ಟ್ರಸ್ಟ್ ಮಾಡಿಟ್ಟಿದ್ದರು. ತಮ್ಮ ಆಲಿವರ್ ನೋಡಿಕೊಂಡರು. ಮುಂದೆ ಹುಡುಕಿಕೊಂಡು ಬಂದ ಪತ್ರಕರ್ತರಿಗೆ ಊರಿನವರು, ನಮ್ಮ ಡಾನ್‌ಗೆ ನೋವಾದರೆ ನಿಮ್ಮನ್ನು ಬಿಡುವುದಿಲ್ಲ ಎಂದು ಎಚ್ಚರಿಸಿದರಂತೆ. 2023ರಲ್ಲಿ, 89ರ ವಯಸ್ಸಿನಲ್ಲಿ ಅವರು ತೀರಿಕೊಂಡರು.

ನಿಜ, ಬ್ಯಾಂಕು ತಾಯಿಯ ತವರಿನವರದು. ವರ್ಣಭೇದದ ಆ ಕಾಲದ ಮಿಸಿಸಿಪ್ಪಿಯಲ್ಲಿ ಕಪ್ಪು ಜನರ ಬಡ ಮನೆಯ ಮಗುವಿಗೆ ಇದೆಲ್ಲ ದಕ್ಕುವುದು ಕಷ್ಟವಿತ್ತು. ಆದರೂ ಹಣ ಕೊಟ್ಟು ಕೊಳ್ಳಲಾಗದ್ದು ಒಂದಿತ್ತು: ಐವತ್ತು ವರ್ಷದ ಬಳಕೆ. 1971ರಲ್ಲಿ ಕ್ಯಾನರ್ ಆ ಹನ್ನೊಂದು ಮಕ್ಕಳು ಏನಾದರೆಂದು ಹುಡುಕಿದಾಗ, ದೊಡ್ಡ ಸರಕಾರಿ ಆಸ್ಪತ್ರೆಗಳಿಗೆ ಸೇರಿದವರು ಮುಂಚೆ ಇದ್ದ ಚುರುಕನ್ನೂ ಕಳೆದುಕೊಂಡಿದ್ದರು. ಹಾಗೆ ಸೇರಿಸುವುದು ಜೀವಾವಧಿ ಶಿಕ್ಷೆಗೆ ಸಮ ಎಂಬ ಅರ್ಥದಲ್ಲಿ ಅವರು ಬರೆದರು.

ತಾಯಂದಿರ ಮೇಲಿನ ಅಪವಾದ

ಇದೇ ಅವಧಿಯಲ್ಲಿ ತಾಯಂದಿರು ಇನ್ನೊಂದು ನೋವು ಉಂಡರು. ತಾಯಿಯ ಪ್ರೀತಿ ಸಾಲದ್ದಕ್ಕೇ ಮಗು ಹೀಗಾಯಿತು ಎಂಬ ವಾದ ಬಲವಾಯಿತು. ಅಂಥವರನ್ನು 'ರೆಫ್ರಿಜರೇಟರ್ ತಾಯಂದಿರು' ಎಂದು ಕರೆದರು. ಕ್ಯಾನರ್ ಬರೆಹಗಳೂ ಇದಕ್ಕೆ ಇಂಬು ಕೊಟ್ಟಿದ್ದವು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಅವರ ಪುಸ್ತಕ ಅದನ್ನು ಮನೆಮನೆಗೆ ತಲುಪಿಸಿತು. ತಾವೇ ಆಟಿಸಂ ಇರುವ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ, ಇದು ಹುಟ್ಟಿನಿಂದ ಬಂದ ದೇಹದ ಸಂಗತಿ, ಸಾಕಿದ ತಪ್ಪಲ್ಲ ಎಂದು ವಾದಿಸಿದ್ದರು. 1969ರಲ್ಲಿ ಪೋಷಕರ ಸಮಾವೇಶದಲ್ಲಿ ಕ್ಯಾನರ್ ಅವರೇ ನಿಂತು ತಂದೆತಾಯಿಯರನ್ನು ದೋಷಮುಕ್ತರೆಂದು ಸಾರಿದರು.

ಇಂಗ್ಲೆಂಡಿನಲ್ಲಿ 1962ರಲ್ಲಿ ಪೋಷಕರೇ ಸಂಘ ಕಟ್ಟಿದರು. ಮಕ್ಕಳು ಬೆಳೆದಂತೆ ಶಾಲೆಯೊಂದೇ ಸಾಲದು ಎಂದು ಕಂಡಿತು. ಶಿಕ್ಷಕಿ ಸಿಬಿಲ್ ಎಲ್ಗರ್ ಅವರ ಮುಂದಾಳತ್ವದಲ್ಲಿ 1974ರಲ್ಲಿ ಸಾಮರ್‌ಸೆಟ್‌ನಲ್ಲಿ ವಯಸ್ಕರ ವಸತಿ ತೆರೆಯಿತು.

ನಮ್ಮ ದೇಶದಲ್ಲಿ

ದೆಹಲಿಯಲ್ಲಿ 1991ರಲ್ಲಿ 'ಆ್ಯಕ್ಷನ್ ಫಾರ್ ಆಟಿಸಂ' ಆರಂಭಿಸಿದವರೂ ಒಬ್ಬ ತಾಯಿ, ಮೆರ್ರಿ ಬರುವಾ. 1995ರ ಅಂಗವಿಕಲರ ಕಾಯ್ದೆಯ ಏಳು ವಿಧಗಳ ಪಟ್ಟಿಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಅದು ಬಂತು. 2016ರ ಕಾಯ್ದೆಯ 21 ವಿಧಗಳಲ್ಲಿ ಸೇರಿ, ಶಿಕ್ಷಣ ಮತ್ತು ಸರಕಾರಿ ಉದ್ಯೋಗದ ಮೀಸಲಾತಿಯೂ ದೊರೆಯಿತು.

ಹದಿನೆಂಟು ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನುಬದ್ಧ ಪಾಲಕರಾಗಿ ಉಳಿಯುವುದಿಲ್ಲ ಎಂಬುದು ಅನೇಕರಿಗೆ ತಿಳಿದಿಲ್ಲ. ಎಲ್ಲರಿಗೂ ಪಾಲಕರು ಬೇಕಾಗುವುದಿಲ್ಲ. ಬೇಕಾದವರು 1999ರ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಅದೇ ನ್ಯಾಸದ 'ನಿರಾಮಯ' ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯೂ ಇದೆ.

ಸಂಘವೆಂಬ ಊರು

ಕಾನೂನು ಪಾಲಕರನ್ನು ಕೊಡಬಹುದು, ಪರಿಚಿತರನ್ನು ಕೊಡಲಾರದು. ಶಾಲೆ ಇರುವಷ್ಟು ದಿನ ಬಸ್ಸು ಬರುತ್ತದೆ, ಟೀಚರು ಇರುತ್ತಾರೆ. ಶಾಲೆ ಮುಗಿದ ಮರುದಿನದಿಂದ ಆ ಹುಡುಗನ ಲೋಕ ನಾಲ್ಕು ಗೋಡೆ ಮತ್ತು ಒಬ್ಬ ತಾಯಿ. ಮುಂಬೈ, ಪುಣೆ, ಚೆನ್ನೈಗಳ ಫ್ಲ್ಯಾಟುಗಳಲ್ಲಿ ನಮಗೆ ಅಜ್ಜಿಯ ಮನೆ ಇಲ್ಲ, ಸೋದರಮಾವನ ಜಗಲಿ ಇಲ್ಲ. ಆ ಕೊರತೆ ನೀಗಲೆಂದೇ ನಮ್ಮ ಹಿರಿಯರು ಸಂಘ ಕಟ್ಟಿದ್ದು. ಆದರೆ ಜನ ತಿರುಗಿ ನೋಡುತ್ತಾರೆಂದು ಸಂಘಕ್ಕೆ ಬರುವುದನ್ನು ಮೊದಲು ನಿಲ್ಲಿಸುವುದೂ ಇಂಥ ಮನೆಯವರೇ.

ಲೂಯಿಸ್ ದಂಪತಿಯಂತೆ ನಾವೂ ಕೆಲಸ ಹುಡುಕಬಹುದು. ಎಣಿಕೆ ಇಷ್ಟಪಡುವವನಿಗೆ ಊಟದ ಕೂಪನ್ನುಗಳ ಲೆಕ್ಕ, ಸಾಲು ಇಷ್ಟಪಡುವವಳಿಗೆ ಕುರ್ಚಿ ಜೋಡಿಸುವ ಕೆಲಸ. ಅದು ಪ್ರತಿ ವರ್ಷವೂ ಅವರದೇ ಆಗಿರಲಿ. ಕಾರ್ಯಕ್ರಮದ ಪಟ್ಟಿಯನ್ನು ಮುಂಚಿತವಾಗಿ ಕಳಿಸೋಣ; ಧ್ವನಿವರ್ಧಕದಿಂದ ದೂರ ಒಂದು ಕೋಣೆ ಬಿಡೋಣ. ಇಬ್ಬರು ಸದಸ್ಯೆಯರು ತಿಂಗಳಿಗೊಮ್ಮೆ ಅವರ ಮನೆಗೆ ಹೋಗಿ, ತಾಯಿಯೊಡನೆ ಮಾತ್ರವಲ್ಲ, ಆ ಮಗ ಅಥವಾ ಮಗಳೊಡನೆಯೂ ಕೂತು ಬರಲಿ. ಇಂದು ಆದ ಪರಿಚಯವೇ ಇಪ್ಪತ್ತು ವರ್ಷದ ನಂತರ, ತಾಯಿ ಇಲ್ಲದ ದಿನ, ಬಾಗಿಲು ತಟ್ಟುವ ಪರಿಚಯ.

ನಿಮ್ಮ ಸಂಘದ ಹಳೆಯ ಸದಸ್ಯರ ಪಟ್ಟಿ ತೆಗೆದು ನೋಡಿ. ಕೆಲವು ವರ್ಷಗಳಿಂದ ಬರದೇ ಇರುವ ಒಂದು ಮನೆ ಇದ್ದರೆ, ಈ ರಾಜ್ಯೋತ್ಸವಕ್ಕೆ ಮುಂಚೆ ಅವರಿಗೊಂದು ಫೋನು ಮಾಡಿ.